ಚಾಲಕನಿಲ್ಲದ ರೋಲರ್, ಕಾಸರಗೋಡಿನ ಮುರ ಮಣ್ಣು: ಗುಡ್ಡದ ಸೈಟಿನಲ್ಲಿ ಮಣ್ಣು ಗಟ್ಟಿ ಮಾಡಲು ಸಮಗ್ರ ಮಾರ್ಗದರ್ಶಿ

ಗುಡ್ಡದ ಮೇಲಿನ ಕೆಲಸಕ್ಕೆ ರೋಲರ್ ಹೇಗೋ ಸಿಗುತ್ತದೆ. ಅದನ್ನು ದಿನವಿಡೀ ಒಂದೇ ಹದದಲ್ಲಿ ಓಡಿಸುವವರು ಸಿಗುವುದಿಲ್ಲ. ಎಣ್ಮಕಜೆ, ಪೈವಳಿಕೆ, ದೇಲಂಪಾಡಿ ಕಡೆ ಕಾಮಗಾರಿ ಮಾಡಿಸಿದವರನ್ನು ಕೇಳಿ ನೋಡಿ. ಸೈಟ್ ಪೇಟೆಯಿಂದ ದೂರ, ಊಟಕ್ಕೆ ಹೋಟೆಲಿಲ್ಲ, ಫೋನಿಗೆ ಸಿಗ್ನಲ್ ಇಲ್ಲ, ಕೊನೆಯ ಬಸ್ಸು ಹೋದರೆ ಜೀಪೇ ಗತಿ. ಎಂಟು ಪಾಸ್ (ರೋಲರಿನ ಒಂದು ಓಟ ಒಂದು ಪಾಸ್) ಹೊಡೆಯಬೇಕಾದಲ್ಲಿ ಐದೇ ಪಾಸಿಗೆ ಕೆಲಸ ಮುಗಿಯುವುದು ಇಂಥ ಕಡೆಯೇ. ಮೇ ತಿಂಗಳವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಜೂನಿನಲ್ಲಿ ಊರಿಗೆಲ್ಲ ಗೊತ್ತಾಗುತ್ತದೆ.

ಹಾಗಾಗಿ ತಾನೇ ಓಡುವ ರೋಲರ್ ಬಗ್ಗೆ ಜನ ಕೇಳುತ್ತಿರುವುದು ಸಹಜ. ಈ ಯಂತ್ರಕ್ಕೆ ಪಾಸಿನ ಲೆಕ್ಕ ತಪ್ಪುವುದಿಲ್ಲ, ಬೇಜಾರೂ ಬರುವುದಿಲ್ಲ. ಆದರೆ ಅದಕ್ಕೆ ನೆಲದ ಪರಿಚಯ ಇಲ್ಲ. ಪಳಗಿದ ಆಪರೇಟರ್ ಸೀಟಿನಲ್ಲಿ ಕೂತೇ "ಇಲ್ಲಿ ಅಡಿಯಲ್ಲಿ ಏನೋ ಟೊಳ್ಳು ಉಂಟು", "ಇಲ್ಲಿ ನೀರು ಜಾಸ್ತಿ ಆಯ್ತು" ಅಂತ ಹೇಳುತ್ತಾನೆ. ಅವನನ್ನು ಸೀಟಿನಿಂದ ಇಳಿಸಿದಿರಿ ಅಂದರೆ ಅವನಿಗೆ ಗೊತ್ತಾಗುತ್ತಿದ್ದದ್ದೆಲ್ಲ ಯಂತ್ರ ಸ್ಟಾರ್ಟ್ ಆಗುವ ಮೊದಲೇ ನಕ್ಷೆಯಲ್ಲಿ ಇರಬೇಕು. ಈ ಮಾರ್ಗದರ್ಶಿಯಲ್ಲಿ ಯಂತ್ರಕ್ಕಿಂತ ಮಣ್ಣಿನ ಮಾತು ಜಾಸ್ತಿ ಇರುವುದು ಅದಕ್ಕೇ.

ಯಾವ ಕೆಲಸವನ್ನು ಯಂತ್ರಕ್ಕೆ ಬಿಡಬಹುದು

ಮಣ್ಣು ಗಟ್ಟಿ ಮಾಡುವುದರಲ್ಲಿ ನಾಲ್ಕು ಕೆಲಸ ಇದೆ. ಸುಣ್ಣ ಅಥವಾ ಸಿಮೆಂಟ್ ಹರಡುವುದು, ನೀರು ಕೊಡುವುದು, ಮಣ್ಣಿನ ಜೊತೆ ಕಲಸುವುದು, ರೋಲರ್ ಹೊಡೆಯುವುದು. ಇದರಲ್ಲಿ ಕೊನೆಯದನ್ನು ಮಾತ್ರ ಈಗ ಧೈರ್ಯವಾಗಿ ಯಂತ್ರಕ್ಕೆ ಬಿಡಬಹುದು. ಒಂದೇ ದಾರಿ, ಒಂದೇ ವೇಗ, ಹೋಗುವುದು ಬರುವುದು, ಅಷ್ಟೇ ತಾನೆ.

ಇದು ಕನಸಿನ ಮಾತಲ್ಲ. ಜಪಾನಿನ ಅಕಿತಾ ಪ್ರಾಂತ್ಯದ ನರುಸೆ ಅಣೆಕಟ್ಟು ಕಟ್ಟುವಾಗ ಕಾಜಿಮಾ ಕಂಪನಿ ಡೋಜರ್, ಡಂಪರ್, ರೋಲರ್ ಮೂರನ್ನೂ ಚಾಲಕನಿಲ್ಲದೆ ಓಡಿಸಿದೆ. ಅಲ್ಲಿ ಹಾಸಿ ಗಟ್ಟಿ ಮಾಡಿದ್ದು ಸಿಮೆಂಟ್ ಬೆರೆಸಿದ ಮರಳು ಮತ್ತು ಜಲ್ಲಿ. ಅಂದರೆ ನಮ್ಮ ಕೆಲಸದ ದೊಡ್ಡಣ್ಣ. ಬೋಮಾಗ್ ಕಂಪನಿ 2019ರಲ್ಲಿ ಮ್ಯೂನಿಕ್‌ನ ಬೌಮಾ ಮೇಳದಲ್ಲಿ ರೋಬೊಮಾಗ್ ಎಂಬ ತಾನೇ ಓಡುವ ರೋಲರ್ ತೋರಿಸಿತು. ಕ್ಯಾಟರ್‌ಪಿಲ್ಲರ್‌ನಲ್ಲಿ ಅರೆ-ಸ್ವಯಂಚಾಲಿತ ವ್ಯವಸ್ಥೆ ಇದೆ. ಅದರಲ್ಲಿ ಮನುಷ್ಯ ಸೀಟಿನಲ್ಲೇ ಇರುತ್ತಾನೆ, ಸ್ಟಿಯರಿಂಗ್, ವೇಗ, ವೈಬ್ರೇಷನ್ ಯಂತ್ರ ನೋಡಿಕೊಳ್ಳುತ್ತದೆ.

ನಮ್ಮ ಕಡೆಯ ಸಣ್ಣ ಕಂಟ್ರಾಕ್ಟರಿಗೆ ನನ್ನ ಸಲಹೆ ಅರೆ-ಸ್ವಯಂಚಾಲಿತದಿಂದಲೇ ಶುರು ಮಾಡಿ ಅಂತ. ಪೂರ್ತಿ ಚಾಲಕನಿಲ್ಲದ್ದು ಆಮೇಲೆ. ಒಂದೆರಡು ಕಿಲೋಮೀಟರ್ ರಸ್ತೆಗೆ ಅಂತ ಯಂತ್ರ ಕೊಳ್ಳಲು ಹೋಗಬೇಡಿ, ಬಾಡಿಗೆಗೆ ತನ್ನಿ. ಕಲಸುವ ಯಂತ್ರದಲ್ಲಿ ಮನುಷ್ಯ ಇರಲೇಬೇಕು. ಮುರ ಕಲ್ಲಿನ, ಅಂದರೆ ಜಂಬಿಟ್ಟಿಗೆಯ, ಗಟ್ಟಿ ಉಂಡೆ ಸಿಕ್ಕಿದಾಗ ಕಲಸುವ ಡ್ರಮ್ಮಿನ ಹಲ್ಲು ಮುರಿಯುವುದು ಕ್ಷಣದ ಕೆಲಸ, ಆ ಶಬ್ದ ಕೇಳಿ ಡ್ರಮ್ ಎತ್ತುವವರು ಬೇಕು.

ಹಂತ 1: ಮಣ್ಣು ಯಾವುದು ಅಂತ ಗೊತ್ತು ಮಾಡಿಕೊಳ್ಳಿ

ಕಾಸರಗೋಡಿನ ಗುಡ್ಡ ಮೇಲಿನಿಂದ ನೋಡಿದರೆ ಬರೀ ಮುರ ಕಲ್ಲು. ಪದವಿನ (ಗುಡ್ಡದ ನೆತ್ತಿಯ ಬಯಲು) ಮೇಲೆ ಗಟ್ಟಿ ಪಾರೆ, ಅಂದರೆ ಬಂಡೆ, ಗುದ್ದಲಿಯೇ ಹಿಂದೆ ಹಾರುತ್ತದೆ. ಆದರೆ ರಸ್ತೆಗೆ ಅಂತ ಬರೆ (ಗುಡ್ಡದ ಕಡಿದಾದ ಮಗ್ಗುಲು) ಕಡಿದು ಕೆಳಗೆ ಹೋದರೆ ಬಣ್ಣ ಬದಲಾಗುತ್ತದೆ. ಗುಲಾಬಿ, ಹಳದಿ, ಬಿಳಿ ಮಿಶ್ರಿತ ನುಣುಪು ಮಣ್ಣು ಬರುತ್ತದೆ. ಅದೇ ಶೇಡಿ ಮಣ್ಣು. ಒಣಗಿದಾಗ ಗೋಡೆಯ ಹಾಗೆ ನೆಟ್ಟಗೆ ನಿಲ್ಲುತ್ತದೆ, ನೀರು ಕುಡಿದರೆ ಕರಗಿ ಹರಿಯುತ್ತದೆ. ಗುಡ್ಡದಲ್ಲಿ ರಸ್ತೆ ಕುಸಿದ ಸುದ್ದಿ ಬಂದಾಗೆಲ್ಲ ಅಲ್ಲಿ ಶೇಡಿ ಇತ್ತಾ ಅಂತ ನೋಡಿ, ಬಹಳ ಸಲ ಇರುತ್ತದೆ. ಸುರತ್ಕಲ್ಲಿನ ಎನ್‌ಐಟಿಕೆಯವರು ಇದನ್ನು ಸುಣ್ಣ, ಸಿಮೆಂಟ್ ಸೇರಿಸಿ ಗಟ್ಟಿ ಮಾಡುವುದರ ಬಗ್ಗೆ ಸಾಕಷ್ಟು ಕೆಲಸ ಮಾಡಿದ್ದಾರೆ. ಲ್ಯಾಬ್ ಹುಡುಕುವವರಿಗೆ ಅದು ಹತ್ತಿರವೂ ಹೌದು.

ಮಣ್ಣು ಬದಲಾದ ಕಡೆಯೆಲ್ಲ ಬೇರೆ ಸ್ಯಾಂಪಲ್ ತೆಗೆಯಿರಿ. ಇಷ್ಟು ಮೀಟರಿಗೊಂದು ಅಂತ ಸುಮ್ನೆ ಲೆಕ್ಕ ಹಿಡಿದು ತೆಗೆದರೆ ಇಲ್ಲಿ ಸಾಲುವುದಿಲ್ಲ. ಒಂದೇ ತಿರುವಿನಲ್ಲಿ ಮೂರು ಥರದ ಮಣ್ಣು ಸಿಗುವ ಊರು ಇದು. ಲ್ಯಾಬಿನವರಿಗೆ ಒಂದು ಮಾತು ಹೇಳಿ: ಈ ಮಣ್ಣನ್ನು ಓವನ್ನಿನಲ್ಲಿ ಒಣಗಿಸಿ ಲಿಕ್ವಿಡ್ ಲಿಮಿಟ್ (ಮಣ್ಣು ಹರಿಯಲು ಶುರುವಾಗುವ ತೇವ) ನೋಡಬೇಡಿ, ನೆರಳಿನಲ್ಲಿ ಗಾಳಿಗೆ ಒಣಗಿಸಿ. ಮುರ ಮಣ್ಣನ್ನು ಬಿಸಿ ಮಾಡಿದರೆ ಅದರ ಗುಣವೇ ಬದಲಾಗುತ್ತದೆ, ಇದ್ದದ್ದಕ್ಕಿಂತ ಒಳ್ಳೆಯ ಮಣ್ಣು ಅಂತ ರಿಪೋರ್ಟ್ ಬರುತ್ತದೆ.

ಸುಣ್ಣವೋ ಸಿಮೆಂಟೋ ಅನ್ನುವುದು ಹೀಗೆ. 75 ಮೈಕ್ರಾನ್ ಜರಡಿಯಲ್ಲಿ ಶೇಕಡಾ 25ಕ್ಕಿಂತ ಜಾಸ್ತಿ ಇಳಿಯುವ ಮಣ್ಣಾಗಿದ್ದು ಪ್ಲಾಸ್ಟಿಸಿಟಿ ಇಂಡೆಕ್ಸ್ (ಮಣ್ಣಿನ ಜಿಗುಟು ತೋರಿಸುವ ಅಂಕೆ) 20 ದಾಟಿದರೆ ಸುಣ್ಣ. 10ರ ಒಳಗಿದ್ದರೆ ಸಿಮೆಂಟ್. ನಡುವೆ ಇದ್ದರೆ ಎರಡೂ ನಡೆಯುತ್ತದೆ, ಎರಡನ್ನೂ ಲ್ಯಾಬಿನಲ್ಲಿ ಹಾಕಿ ನೋಡಿ. ಇಂಡಿಯನ್ ರೋಡ್ ಕಾಂಗ್ರೆಸ್ಸಿನ (ಐಆರ್‌ಸಿ) ಎಸ್‌ಪಿ 89 ಕೈಪಿಡಿಯಲ್ಲಿ ಇದರ ಕೋಷ್ಟಕ ಇದೆ, ಒಂದು ಪ್ರತಿ ಸೈಟಿನಲ್ಲೇ ಇರಲಿ. ಸುಣ್ಣ ಎಷ್ಟು ಬೇಕು ಅಂತ ನೋಡಲು ಮಣ್ಣಿನ ನೀರಿನ ಪಿಎಚ್ 12.4 ಮುಟ್ಟುವ ಪ್ರಮಾಣ ಹುಡುಕುವ ಪರೀಕ್ಷೆ ಇದೆ. ನಮ್ಮ ಕಡೆಯ ಮಣ್ಣಿಗೆ ಅದೊಂದನ್ನೇ ನಂಬಬೇಡಿ. ಸಿಲಿಂಡರ್ ಹಾಕಿ, ಕ್ಯೂರಿಂಗ್ ಮಾಡಿ, ಒತ್ತಿ ಮುರಿದು ನೋಡುವುದೇ ಸರಿ. ಐಆರ್‌ಸಿ 37ರ 2018ರ ಆವೃತ್ತಿ ಸಿಮೆಂಟ್ ಹಾಕಿದ ಸಬ್ ಬೇಸಿಗೆ (ರಸ್ತೆಯ ಕೆಳ ಪದರ) 7 ದಿನದ ಬಲ 1.5ರಿಂದ 3 ಎಂಪಿಎ (ಮೆಗಾಪಾಸ್ಕಲ್) ಕೇಳುತ್ತದೆ. ಅದಕ್ಕಿಂತ ಜಾಸ್ತಿ ಬಂದರೆ ಖುಷಿಪಡಬೇಡಿ. ಅತಿ ಗಟ್ಟಿಯಾದ ಪದರ ಬಿರುಕು ಬಿಡುತ್ತದೆ, ನಮ್ಮ ಮಳೆಗೆ ಒಂದು ಬಿರುಕು ಸಾಕು.

ಇಷ್ಟೆಲ್ಲ ತಾಪತ್ರಯ ಯಾಕೆ, ಹೊರಗಿನಿಂದ ಒಳ್ಳೆಯ ಮಣ್ಣು ತಂದು ಹಾಕಬಾರದೇ ಅಂತ ಕೇಳಬಹುದು. ಕೇರಳದಲ್ಲಿ ಮಣ್ಣು ತೆಗೆಯಲೂ ಸಾಗಿಸಲೂ ಗಣಿ ಇಲಾಖೆಯ ಪಾಸ್ ಬೇಕು. ಬೈಲಿನ ಕಡೆ ಮಣ್ಣು ಸುರಿದರೆ 2008ರ ಗದ್ದೆ ಮತ್ತು ಜೌಗು ಭೂಮಿ ಕಾಯಿದೆ ಇದೆ. ಇರುವ ಮಣ್ಣನ್ನೇ ಗಟ್ಟಿ ಮಾಡುವುದರ ದೊಡ್ಡ ಲಾಭ ಅದೇ, ಟಿಪ್ಪರ್ ಓಡಾಟ ಕಡಿಮೆ, ಕಾಗದದ ಓಡಾಟವೂ ಕಡಿಮೆ.

ಹಂತ 2: ನೆಲದಡಿ ಏನಿದೆ ಅಂತ ನಕ್ಷೆಯಲ್ಲಿ ಬರೆಯಿರಿ

ಇದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ಜಪಾನಿನವರ ಕೈಪಿಡಿಯಲ್ಲಿ ಇಲ್ಲದ ಒಂದು ಅಪಾಯ ನಮ್ಮ ಗುಡ್ಡಗಳಲ್ಲಿದೆ: ಸುರಂಗ. ನೀರಿಗಾಗಿ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ, ಒಬ್ಬ ಮನುಷ್ಯ ಹೋಗುವಷ್ಟು ಅಗಲದ ಸುರಂಗಗಳು. ಕೆಲವು ನಾಲ್ಕಾರು ಕೋಲು, ಕೆಲವು ನೂರಾರು ಅಡಿ. ಒಳಗೆ ಕವಲೊಡೆದವೂ ಇವೆ, ಗಾಳಿಗೆ ಅಂತ ಮೇಲಿನಿಂದ ತೋಡಿದ ಗುಂಡಿಗಳೂ ಇವೆ. ಎಷ್ಟೋ ಸುರಂಗಗಳ ಬಾಯಿ ಕುಸಿದು ಪೊದೆ ಬೆಳೆದು ಮುಚ್ಚಿಹೋಗಿದೆ. ಅದರ ಮೇಲೆ 10-12 ಟನ್ನಿನ ರೋಲರ್ ವೈಬ್ರೇಷನ್ ಹಾಕಿಕೊಂಡು ಹೋದರೆ ಏನಾಗಬಹುದು ನೀವೇ ಯೋಚಿಸಿ. ರೋಲರ್ ಹೋದರೆ ಇನ್ನೊಂದು ತರಬಹುದು. ಕೆಳಗಿನ ಮನೆಯವರ ನೀರು ಹೋದರೆ ಏನು ಕೊಡುತ್ತೀರಿ?

ಸರ್ವೇ ನಕ್ಷೆಯಲ್ಲಿ ಇದು ಸಿಗುವುದಿಲ್ಲ. ಸುತ್ತಲಿನ ಮನೆಗಳಿಗೆ ಹೋಗಿ ಹಿರಿಯರನ್ನು ಕೇಳಬೇಕು. "ಅಜ್ಜ, ಈ ಗುಡ್ಡದಲ್ಲಿ ಸುರಂಗ ಉಂಟಾ? ಯಾವ ಕಡೆಯಿಂದ ಎಷ್ಟು ಒಳಗೆ ಹೋಗಿದೆ?" ಅಂತ. ಬದುಕಿರುವ ಸುರಂಗ ತೋಡುವವರು ಸಿಕ್ಕಿದರೆ ಅವರನ್ನು ದಿನಗೂಲಿ ಕೊಟ್ಟು ಸೈಟಿಗೆ ಕರೆತನ್ನಿ. ನೀರು ಬರುವ ತೋಟದ ಮೂಲೆಯಿಂದ ಹಿಂದಕ್ಕೆ ಲೆಕ್ಕ ಹಾಕಿ ದಿಕ್ಕು ತೋರಿಸುವುದು ಅವರಿಗೆ ಗೊತ್ತು. ಅನುಮಾನ ಉಳಿದ ಕಡೆ ಗ್ರೌಂಡ್ ಪೆನೆಟ್ರೇಟಿಂಗ್ ರೇಡಾರ್ ಅಥವಾ ವಿದ್ಯುತ್ ನಿರೋಧ ಪರೀಕ್ಷೆ ಮಾಡಿಸಿ.

ಮನುಷ್ಯ ತೋಡದ ಸುರಂಗವೂ ಇದೆ. ಗಟ್ಟಿ ಮುರದ ಅಡಿಯ ಮೆತ್ತಗಿನ ಮಣ್ಣನ್ನು ನೀರು ಒಳಗೊಳಗೇ ಕೊಚ್ಚಿಕೊಂಡು ಹೋಗಿ ಕೊಳವೆಯಂಥ ಟೊಳ್ಳು ಆಗುತ್ತದೆ. ಇಂಗ್ಲಿಷಿನಲ್ಲಿ ಇದನ್ನು ಸಾಯಿಲ್ ಪೈಪಿಂಗ್ ಅನ್ನುತ್ತಾರೆ. ತಿರುವನಂತಪುರದ ರಾಷ್ಟ್ರೀಯ ಭೂವಿಜ್ಞಾನ ಅಧ್ಯಯನ ಕೇಂದ್ರದವರು ಕೇರಳದ ಗುಡ್ಡಗಾಡಿನಲ್ಲಿ ಇದನ್ನು ಅಧ್ಯಯನ ಮಾಡಿದ್ದಾರೆ. ಮಳೆಗಾಲದಲ್ಲಿ ಬರೆಯ ಬುಡದಿಂದ ಕೆಸರು ನೀರು ಬುಗ್ಗೆ ಬರುವ ಜಾಗ, ಕಾರಣವಿಲ್ಲದೆ ನೆಲ ತಗ್ಗಾದ ಜಾಗ ಕಂಡರೆ ಗುರುತು ಹಾಕಿ.

ನಕ್ಷೆಗೆ ಮೂರು ಬಣ್ಣ ಸಾಕು. ಕೆಂಪು ಅಂದರೆ ರೋಲರ್ ಹೋಗಲೇಬಾರದು: ಸುರಂಗ, ಟೊಳ್ಳು, ಬರೆಯ ಅಂಚಿನಿಂದ ಕನಿಷ್ಠ ಅರ್ಧ ಮೀಟರ್, ಶೇಡಿ ಬರೆಯಾದರೆ ಇನ್ನೂ ಜಾಸ್ತಿ. ಹಳದಿ ಅಂದರೆ ಹೋಗಬಹುದು, ವೈಬ್ರೇಷನ್ ಬೇಡ: ಹತ್ತಿರದ ಮಣ್ಣಿನ ಗೋಡೆಯ ಮನೆ, ಕಲ್ಲು ಕಟ್ಟಿದ ಬಾವಿ, ಹೊಸ ಮೋರಿ, ಕುಡಿಯುವ ನೀರಿನ ಪೈಪ್. ಉಳಿದದ್ದು ಹಸಿರು. ಕೆಂಪು ಜಾಗ ಹಾಗೇ ಬಿಡಲು ಆಗುವುದಿಲ್ಲವಲ್ಲ, ಅಲ್ಲಿ ಕೈಯಲ್ಲಿ ಹಿಡಿಯುವ ಪ್ಲೇಟ್ ಕಾಂಪ್ಯಾಕ್ಟರಿನಲ್ಲಿ ತೆಳು ಪದರ ಹಾಕಿ ಗಟ್ಟಿ ಮಾಡಿ. ಸುರಂಗ ಇದ್ದರೆ ಎಂಜಿನಿಯರನ್ನೂ ಆ ನೀರು ಕುಡಿಯುವವರನ್ನೂ ಒಟ್ಟಿಗೆ ಕೂರಿಸಿ ಮಾತಾಡಿ, ರಸ್ತೆಯ ದಾರಿಯನ್ನೇ ಸ್ವಲ್ಪ ಸರಿಸುವುದು ಎಷ್ಟೋ ಸಲ ಅಗ್ಗ.

ಡ್ರೋನ್ ಹಾರಿಸಿ ನಕ್ಷೆ ಮಾಡುವುದಾದರೆ ಸರ್ಕಾರದ ಡ್ರೋನ್ ನಕ್ಷೆಯಾದ ಡಿಜಿಟಲ್ ಸ್ಕೈಯಲ್ಲಿ ನಿಮ್ಮ ಜಾಗ ಹಸಿರು ವಲಯವೇ ಅಂತ ನೋಡಿಕೊಳ್ಳಿ. ಅಡಿಕೆ, ರಬ್ಬರ್ ತೋಟದ ಒಳಗಿನ ನೆಲ ಡ್ರೋನಿನ ಕ್ಯಾಮರಾಕ್ಕೆ ಕಾಣುವುದಿಲ್ಲ. ಅಲ್ಲಿ ರೋವರ್ (ಜಾಗ ಅಳೆಯುವ ಜಿಪಿಎಸ್ ಕೋಲು) ಹಿಡಿದು ನಡೆಯುವುದೇ.

ಹಂತ 3: ಸಿಗ್ನಲ್

ತಾನೇ ಓಡುವ ರೋಲರಿಗೆ ಸಾಮಾನ್ಯ ಜಿಪಿಎಸ್ ಸಾಲದು, ಅದು ಮೀಟರುಗಟ್ಟಲೆ ಆಚೀಚೆ ಹೋಗುತ್ತದೆ. ಆರ್‌ಟಿಕೆ ಬೇಕು. ಒಂದು ಬೇಸ್ ಸ್ಟೇಷನ್ ನಿಂತಲ್ಲೇ ಇದ್ದು ತಿದ್ದುಪಡಿ ಕಳಿಸುತ್ತದೆ, ರೋಲರ್ ತನ್ನ ಜಾಗವನ್ನು ಒಂದೆರಡು ಸೆಂಟಿಮೀಟರ್ ಒಳಗೆ ತಿಳಿಯುತ್ತದೆ. ಕೇರಳದ ಡಿಜಿಟಲ್ ಮರುಸರ್ವೆಯಲ್ಲಿ ಸರ್ವೆಯವರು ಕೋಲು ಹಿಡಿದು ನಿಂತದ್ದು ನೋಡಿದ್ದೀರಲ್ಲ, ಅದೇ ತಂತ್ರ. ಅವರ ಖಾಯಂ ಬೇಸ್ ಸ್ಟೇಷನ್ನುಗಳ ಕಾರ್ಸ್ ಜಾಲದ ತಿದ್ದುಪಡಿ ಮೊಬೈಲ್ ಇಂಟರ್ನೆಟ್ಟಿನಲ್ಲಿ ಬರುತ್ತದೆ. ಗಡಿಯ ಗುಡ್ಡಗಳಲ್ಲಿ ಫೋನ್ ಒಂದು ಗಳಿಗೆ ಕೇರಳ, ಇನ್ನೊಂದು ಗಳಿಗೆ ಕರ್ನಾಟಕದ ಟವರ್ ಹಿಡಿದು ಆಮೇಲೆ ಎರಡನ್ನೂ ಬಿಡುತ್ತದೆ. ಅದನ್ನು ನಂಬಿ ಯಂತ್ರ ಓಡಿಸಬೇಡಿ.

ಸ್ವಂತ ಬೇಸ್ ಇಡಿ. ಪದವಿನ ಮೇಲೆ, ನಾಲ್ಕೂ ಕಡೆ ಆಕಾಶ ಕಾಣುವ ಜಾಗ. ಪ್ರತಿದಿನ ಎತ್ತಿ ಇಡುವ ಬದಲು ಸಣ್ಣ ಕಾಂಕ್ರೀಟ್ ಕಂಬ ಮಾಡಿ ಅದೇ ಬಿಂದುವಿನಲ್ಲಿ ಕೂರಿಸಿ. ತಿದ್ದುಪಡಿ ಕಳಿಸಲು ರೇಡಿಯೋ ಬೇಕು. 865ರಿಂದ 868 ಮೆಗಾಹರ್ಟ್ಸ್‌ನಲ್ಲಿ ಕಡಿಮೆ ಶಕ್ತಿಯ ಸಾಧನಕ್ಕೆ ಲೈಸೆನ್ಸ್ ಬೇಡ. ದೊಡ್ಡ ಶಕ್ತಿಯ ಯುಎಚ್‌ಎಫ್ ರೇಡಿಯೋ ಆದರೆ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿಯಿಂದ ಅನುಮತಿ ತಗೊಳ್ಳಬೇಕು, ಬಾಡಿಗೆ ಕೊಡುವವರನ್ನು ಮೊದಲೇ ಕೇಳಿ.

ಎರಡೂ ಕಡೆ ಎತ್ತರದ ಬರೆ ಇರುವ ಕಡಿತದಲ್ಲಿ, ರಬ್ಬರ್ ತೋಪಿನ ಪಕ್ಕದಲ್ಲಿ ಉಪಗ್ರಹ ಕಡಿಮೆ ಸಿಗುತ್ತದೆ. ರೋವರ್ ಹಿಡಿದು ಪೂರ್ತಿ ದಾರಿ ಒಮ್ಮೆ ಬೆಳಿಗ್ಗೆ, ಒಮ್ಮೆ ಮಧ್ಯಾಹ್ನ ನಡೆಯಿರಿ. ಎಲ್ಲಿ ಫಿಕ್ಸ್, ಅಂದರೆ ಸೆಂಟಿಮೀಟರ್ ಲೆಕ್ಕದ ನಿಖರತೆ, ಹೋಗುತ್ತದೋ ಆ ತುಂಡಿನಲ್ಲಿ ಆಪರೇಟರ್ ಸೀಟಿನಲ್ಲಿ ಕೂತೇ ಓಡಿಸಲಿ. ಹಟ ಮಾಡುವುದರಲ್ಲಿ ಅರ್ಥ ಇಲ್ಲ.

ಹಂತ 4: ಬೇಲಿ, ಜನ, ನಿಲ್ಲಿಸುವ ಬಟನ್

ಸಾರ್ವಜನಿಕ ರಸ್ತೆಯಲ್ಲಿ ಚಾಲಕನಿಲ್ಲದ ಯಂತ್ರ ಓಡಿಸುವಂತಿಲ್ಲ. ಸೈಟಿನವರೆಗೆ ಲೋಬೆಡ್ ಲಾರಿಯಲ್ಲಿ ತನ್ನಿ, ಬೇಲಿ ಹಾಕಿದ ಜಾಗದೊಳಗೆ ಮಾತ್ರ ಆಟೊ ಮೋಡ್. ಚಾಲಕನಿಲ್ಲದ ಮಣ್ಣು ಕೆಲಸದ ಯಂತ್ರಗಳ ಸುರಕ್ಷತೆಗೆ ಐಎಸ್‌ಒ 17757 ಎಂಬ ಮಾನದಂಡ ಇದೆ, ಯಂತ್ರ ಕೊಡುವವರು ಅದರ ಪ್ರಕಾರ ಏನು ಮಾಡಿದ್ದಾರೆ ಅಂತ ಬರೆಸಿಕೊಳ್ಳಿ.

ಮೂರು ಪರೀಕ್ಷೆ ನಿಮ್ಮ ಕಣ್ಣೆದುರೇ ಆಗಬೇಕು. ರೇಡಿಯೋ ಆಫ್ ಮಾಡಿ, ರೋಲರ್ ನಿಲ್ಲಬೇಕು. ಜಿಎನ್‌ಎಸ್‌ಎಸ್ (ಉಪಗ್ರಹ ಸಿಗ್ನಲ್ ಹಿಡಿಯುವ) ಆಂಟೆನಾಕ್ಕೆ ತಗಡು ಮುಚ್ಚಿ, ನಿಲ್ಲಬೇಕು. ಖಾಲಿ ಡ್ರಮ್ ಒಂದನ್ನು ದಾರಿಯಲ್ಲಿ ಇಡಿ, ಮುಟ್ಟದೆ ನಿಲ್ಲಬೇಕು. ಒಂದರಲ್ಲಿ ಫೇಲಾದರೂ ವಾಪಸ್ ಕಳಿಸಿ. ಕೈಯಲ್ಲಿ ಹಿಡಿಯುವ ತುರ್ತು ಬಟನ್ ಕನಿಷ್ಠ ಎರಡು ಇರಲಿ, ಒಂದು ಸೂಪರ್‌ವೈಸರ್ ಹತ್ತಿರ, ಇನ್ನೊಂದು ನೆಲದಲ್ಲಿ ನಿಂತು ನೋಡುವವರ ಹತ್ತಿರ. ನಮ್ಮ ಸೈಟಿನಲ್ಲಿ ತುಳು, ಮಲಯಾಳ, ಕನ್ನಡ, ಹಿಂದಿ, ಬಂಗಾಳಿ ಎಲ್ಲ ಇರುತ್ತದೆ. ಬೋರ್ಡಿಗಿಂತ ಕೆಂಪು ದೀಪ ಮತ್ತು ಸೈರನ್ ಒಳ್ಳೆಯದು.

ಲೇಸರ್ ಬೆಳಕಿನಿಂದ ಎದುರಿನದ್ದು ನೋಡುವ ಲಿಡಾರ್ ಮಾತ್ರ ಇರುವ ಯಂತ್ರ ಸುಣ್ಣದ ಧೂಳನ್ನು ಗೋಡೆ ಅಂದುಕೊಂಡು ಮತ್ತೆ ಮತ್ತೆ ನಿಲ್ಲುತ್ತದೆ. ಕಿರಿಕಿರಿಯಾಗಿ ಹುಡುಗರು ಸೆನ್ಸರನ್ನೇ ಆಫ್ ಮಾಡುತ್ತಾರೆ, ಅಪಾಯ ಇರುವುದು ಅಲ್ಲಿ. ಧೂಳು ದಾಟಿ ನೋಡುವ ರೇಡಾರ್ ಕೂಡ ಇರುವ ಯಂತ್ರವನ್ನೇ ಕೇಳಿ.

ಇನ್ನೊಂದು ಸ್ಥಳೀಯ ವಿಷಯ. ನಮ್ಮ ಕೆಲಸದ ಸೀಸನ್ನೂ ಕೋಲ, ತೆಯ್ಯಂ ಸೀಸನ್ನೂ ಒಂದೇ. ಸೀಸನ್ ಮುಗಿಯುವ ಪತ್ತನಾಜೆಯವರೆಗೆ ರಾತ್ರಿ ಟಾರ್ಚ್ ಹಿಡಿದುಕೊಂಡು ಗುಡ್ಡದ ಅಡ್ಡದಾರಿಯಲ್ಲಿ ಜನ ನಡೆಯುತ್ತಾರೆ, ದೈವಸ್ಥಾನಕ್ಕೆ ಹೋಗುವ ದಾರಿ ನಿಮ್ಮ ಸೈಟಿನ ನಡುವೆಯೇ ಇರಬಹುದು. ರಾತ್ರಿಯೂ ಯಂತ್ರ ಓಡಿಸಬಹುದಲ್ಲ ಅಂತ ಆಸೆಪಡುವವರಿಗೆ ಇದನ್ನು ಹೇಳುತ್ತಿದ್ದೇನೆ. ಊರಿನವರಿಂದ ಕೋಲದ ತಾರೀಕು ಬರೆದುಕೊಳ್ಳಿ, ಆ ರಾತ್ರಿಗಳಲ್ಲಿ ಯಂತ್ರದ ಬೀಗದ ಕೈ ನಿಮ್ಮ ಜೇಬಿನಲ್ಲಿರಲಿ.

ಹಂತ 5: ಪ್ರಯೋಗದ ತುಂಡು

ರಸ್ತೆಯ ಒಂದು ಮೂಲೆಯಲ್ಲಿ 50 ಮೀಟರಿನಷ್ಟು ತುಂಡು ತಗೊಂಡು ಪೂರ್ತಿ ಕೆಲಸ ಮಾಡಿ. ಎರಡು, ನಾಲ್ಕು, ಆರು, ಎಂಟು ಪಾಸ್ ಆದಾಗೆಲ್ಲ ನಿಲ್ಲಿಸಿ ಮರಳು ತುಂಬಿಸಿ ಸಾಂದ್ರತೆ ನೋಡುವ ಪರೀಕ್ಷೆ ಮಾಡಿ. ಸಾಂದ್ರತೆ ಏರುವುದು ಎಲ್ಲಿ ನಿಲ್ಲುತ್ತದೋ ಅದೇ ನಿಮ್ಮ ಪಾಸಿನ ಲೆಕ್ಕ. ಸಬ್ ಗ್ರೇಡಿಗೆ (ರಸ್ತೆಯ ಅಡಿಯ ಮಣ್ಣಿನ ಪದರ) ಲ್ಯಾಬಿನ ಹೆವಿ ಕಾಂಪ್ಯಾಕ್ಷನ್ ಪರೀಕ್ಷೆಯ ಗರಿಷ್ಠ ಸಾಂದ್ರತೆಯ ಶೇಕಡಾ 97 ಬರಬೇಕು.

ಈ ರೋಲರಿನ ಡ್ರಮ್ಮಿನಲ್ಲಿ ನಡುಕ ಅಳೆಯುವ ಸೆನ್ಸರ್ ಇರುತ್ತದೆ. ನೆಲ ಗಟ್ಟಿಯಾದಷ್ಟೂ ಡ್ರಮ್ ಪುಟಿಯುವ ರೀತಿ ಬದಲಾಗುತ್ತದೆ, ಅದನ್ನು ಸಂಖ್ಯೆ ಮಾಡಿ ಬಣ್ಣದ ನಕ್ಷೆಯಲ್ಲಿ ತೋರಿಸುತ್ತದೆ, ಗಟ್ಟಿಯಾದರೆ ಹಸಿರು, ಸಡಿಲವಾದರೆ ಕೆಂಪು. ಸಿಎಂವಿ ಅನ್ನುತ್ತಾರೆ, ಬೋಮಾಗ್‌ನವರದ್ದು ಇವಿಬ್. ಚೆಂದದ ನಕ್ಷೆ. ಅಷ್ಟೇ ಮೋಸದ್ದೂ ಹೌದು. ಈ ಸೆನ್ಸರ್ ನಿಮ್ಮ 20 ಸೆಂಟಿಮೀಟರ್ ಪದರವನ್ನು ಮಾತ್ರ ನೋಡುವುದಿಲ್ಲ, ಅದರಡಿಯ ಹತ್ತಿರ ಹತ್ತಿರ ಒಂದು ಮೀಟರ್ ಆಳದ್ದೂ ಸೇರುತ್ತದೆ. ಅಡಿಯಲ್ಲಿ ಪಾರೆ ಇದ್ದರೆ ಮೇಲಿನ ಸಡಿಲ ಮಣ್ಣಿಗೂ ಹಸಿರು ಬಣ್ಣ ಬರುತ್ತದೆ. ಅಡಿಯಲ್ಲಿ ಶೇಡಿ ಇದ್ದರೆ ಎಷ್ಟು ಹೊಡೆದರೂ ಕೆಂಪು. ಹಾಗಾಗಿ ಪ್ರಯೋಗದ ತುಂಡಿನಲ್ಲೇ ಮರಳು ಪರೀಕ್ಷೆಯ ಸಂಖ್ಯೆ ಮತ್ತು ಯಂತ್ರದ ಸಂಖ್ಯೆ ಪಕ್ಕ ಪಕ್ಕ ಬರೆಯಿರಿ. ಪಾರೆಯ ಮೇಲಿನ ತುಂಡಿಗೆ ಬೇರೆ, ಶೇಡಿಯ ಮೇಲಿನ ತುಂಡಿಗೆ ಬೇರೆ. ಒಂದೇ ಗುರಿ ಸಂಖ್ಯೆ ಇಟ್ಟು ಇಡೀ ರಸ್ತೆ ಓಡಿಸುವುದು ಗುಡ್ಡದಲ್ಲಿ ನಡೆಯುವುದಿಲ್ಲ.

ಹಂತ 6: ಒಂದು ದಿನದ ಕೆಲಸ, ಲೆಕ್ಕ ಸಮೇತ

6 ಮೀಟರ್ ಅಗಲ, 20 ಸೆಂಟಿಮೀಟರ್ ಆಳ, ಶೇಕಡಾ 4 ಸಿಮೆಂಟ್ ಅಂತ ಇಟ್ಟುಕೊಳ್ಳೋಣ. ಮಣ್ಣಿನ ಒಣ ಸಾಂದ್ರತೆ ಘನ ಮೀಟರಿಗೆ 1700 ಕೆಜಿ ಆದರೆ ಒಂದು ಚದರ ಮೀಟರಿನಲ್ಲಿ 340 ಕೆಜಿ ಮಣ್ಣು. ಅದರ ಶೇಕಡಾ 4 ಅಂದರೆ 13.6 ಕೆಜಿ ಸಿಮೆಂಟ್. 100 ಮೀಟರ್ ಉದ್ದಕ್ಕೆ 600 ಚದರ ಮೀಟರ್, 8160 ಕೆಜಿ, 164 ಚೀಲ.

ಈಗ ಸಮಯ. ಸಿಮೆಂಟ್ ಕಲಸಿದ ಮೇಲೆ ಎರಡು ಗಂಟೆಯೊಳಗೆ ರೋಲಿಂಗ್ ಮುಗಿಯಬೇಕು. ಡ್ರಮ್ 2.1 ಮೀಟರ್ ಅಗಲ, 15 ಸೆಂಟಿಮೀಟರ್ ಒಂದರ ಮೇಲೊಂದು ಹಾಯಿಸಿದರೆ 6 ಮೀಟರಿಗೆ ಮೂರು ಪಟ್ಟಿ. ಎಂಟು ಪಾಸ್ ಅಂದರೆ 24 ಓಟ, 100 ಮೀಟರಿಗೆ 2.4 ಕಿಲೋಮೀಟರ್. ಗಂಟೆಗೆ 4 ಕಿಲೋಮೀಟರ್ ವೇಗದಲ್ಲಿ 36 ನಿಮಿಷ, ನಿಂತು ಹಿಂದೆ ತಿರುಗುವ ಸಮಯ ಸೇರಿಸಿದರೆ ಇನ್ನೂ ಜಾಸ್ತಿ. ಕಲಸುವುದು, ಗ್ರೇಡರಿನಲ್ಲಿ ಸಮ ಮಾಡುವುದು ಇದೇ ಎರಡು ಗಂಟೆಯಲ್ಲಿ ಆಗಬೇಕು. 200 ಮೀಟರ್ ಒಟ್ಟಿಗೆ ಹಿಡಿದರೆ ಕೊನೆಯ ತುಂಡು ರೋಲರ್ ಬರುವಷ್ಟರಲ್ಲಿ ಸೆಟ್ ಆಗಿರುತ್ತದೆ. ಒಂದೇ ರೋಲರ್ ಇದ್ದರೆ 100 ಮೀಟರ್ ದಾಟಬೇಡಿ. ಸುಣ್ಣವಾದರೆ ಈ ಅವಸರ ಇಲ್ಲ, ಮೊದಲ ಸಲ ಕಲಸಿ ಒಂದು ದಿನ ಹದವಾಗಲು ಬಿಟ್ಟು ಮರುದಿನ ಮತ್ತೆ ಕಲಸಿ ಹೊಡೆಯುವುದೇ ಕ್ರಮ.

ನೀರಿನ ಲೆಕ್ಕವೂ ಹೀಗೇ. ಲ್ಯಾಬ್ ಶೇಕಡಾ 18 ತೇವ ಬೇಕು ಅಂದಿದೆ, ನೆಲದಲ್ಲಿ 12 ಇದೆ ಅಂದರೆ ಚದರ ಮೀಟರಿಗೆ 20 ಲೀಟರ್ ಚಿಲ್ಲರೆ, 100 ಮೀಟರಿಗೆ 12 ಸಾವಿರ ಲೀಟರ್ ದಾಟುತ್ತದೆ. ಬಿಸಿಲಿಗೆ ಆರುವುದು ಬೇರೆ. ಏಪ್ರಿಲಿನಲ್ಲಿ ಊರಿನ ಬಾವಿಗಳೇ ಬತ್ತಿರುವಾಗ ಈ ನೀರು ಎಲ್ಲಿಂದ ತರುತ್ತೀರಿ? ಹಾಗಾಗಿ ಡಿಸೆಂಬರಿನಿಂದ ಮಾರ್ಚ್ ಒಳ್ಳೆಯ ಸಮಯ. ತೋಡಿಗೆ ಅಡ್ಡ ಹಾಕಿದ ಕಟ್ಟದ ನೀರಿಗೆ ಕೈ ಹಾಕಬೇಡಿ, ಅದು ಕೆಳಗಿನ ತೋಟದವರದ್ದು.

ಬೆಳಿಗ್ಗೆ ಬೇಗ ಹರಡಿ. ಮಧ್ಯಾಹ್ನ ಕಡಲಿನಿಂದ ಗಾಳಿ ಏರುತ್ತದೆ, ಪುಡಿ ಹಾರುತ್ತದೆ. ಇದು ಎಂಡೋಸಲ್ಫಾನ್ ಕೀಟನಾಶಕದ ಹಾನಿ ಕಂಡ ಜಿಲ್ಲೆ. ಗುಡ್ಡದಿಂದ ಬಿಳಿ ಪುಡಿ ಹಾರಿಬಂದರೆ ಜನ ಕೇಳುತ್ತಾರೆ, ಕೇಳಲೇಬೇಕು. ಏನು ಹಾಕುತ್ತೀರಿ, ಎಷ್ಟು, ಯಾಕೆ ಅಂತ ಕೆಲಸಕ್ಕೆ ಮೊದಲೇ ಪಂಚಾಯತ್ ಸದಸ್ಯರಿಗೂ ಅಕ್ಕಪಕ್ಕದ ಮನೆಗಳಿಗೂ ತಿಳಿಸಿ. ಮನೆ, ಬಾವಿ ಹತ್ತಿರ ಸುಣ್ಣವನ್ನು ನೀರಿನಲ್ಲಿ ಕದಡಿ ಹರಡುವುದು ಒಳ್ಳೆಯದು. ಸುಡು ಸುಣ್ಣವಾದರೆ ಕನ್ನಡಕ, ಕೈಗವಸು, ಉದ್ದ ತೋಳಿನ ಅಂಗಿ ಇಲ್ಲದೆ ಯಾರೂ ಹತ್ತಿರ ಹೋಗಬಾರದು. ಬೆವರಿನ ಮೈಗೆ ತಾಗಿದರೂ ಸುಡುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು.

ಸರಿಯಾಗಿ ಹರಡಿದೆಯಾ ಅಂತ ನೋಡಲು ಒಂದು ಚದರ ಮೀಟರಿನ ಟಾರ್ಪಾಲು ತುಂಡನ್ನು ನೆಲಕ್ಕೆ ಹಾಸಿ, ಹರಡುವ ಯಂತ್ರ ದಾಟಿದ ಮೇಲೆ ಎತ್ತಿ ತೂಗಿ. ಆಳದವರೆಗೆ ಕಲಸಿದೆಯಾ ಅಂತ ನೋಡಲು ಗುಂಡಿ ತೋಡಿ ಪಕ್ಕಕ್ಕೆ ಫಿನಾಲ್ಫ್ತಲೀನ್ ಸಿಂಪಡಿಸಿ. ಸುಣ್ಣ, ಸಿಮೆಂಟ್ ಇರುವಷ್ಟು ಆಳ ಗುಲಾಬಿಯಾಗುತ್ತದೆ. 20 ಸೆಂಟಿಮೀಟರ್ ಬೇಕಾದಲ್ಲಿ 12ಕ್ಕೇ ಗುಲಾಬಿ ನಿಂತರೆ ಮತ್ತೆ ಕಲಸಿ.

ಜೇಡಿ ಅಂಶ ಜಾಸ್ತಿ ಇದ್ದರೆ ಮೊದಲು ಮುಳ್ಳು ಡ್ರಮ್ಮಿನ ಪ್ಯಾಡ್‌ಫುಟ್ ರೋಲರ್, ಆಮೇಲೆ ನುಣುಪು ಡ್ರಮ್. ಮೊದಲ ಪಾಸ್ ವೈಬ್ರೇಷನ್ ಇಲ್ಲದೆ, ನಡುವಿನವು ವೈಬ್ರೇಷನ್ ಹಾಕಿ, ಕೊನೆಯದು ಮತ್ತೆ ಇಲ್ಲದೆ. ಕೆಳ ಅಂಚಿನಿಂದ ಮೇಲಕ್ಕೆ ಪಟ್ಟಿ ಬರುವ ಹಾಗೆ ಪ್ರೋಗ್ರಾಂ ಮಾಡಿ. ಹಿಂದೆ ತಿರುಗುವಾಗ ನಿಂತಲ್ಲೇ ನಡುಗಿದರೆ ಅಲ್ಲಿ ಗುಂಡಿ ಬೀಳುತ್ತದೆ, ರೋಲರ್ ನಿಲ್ಲುವ ಮೊದಲೇ ವೈಬ್ರೇಷನ್ ತಾನಾಗಿ ಆಫ್ ಆಗುವ ಸೆಟ್ಟಿಂಗ್ ಇರುತ್ತದೆ, ಅದನ್ನು ಆನ್ ಮಾಡಿ. ತಿರುಗುವ ಜಾಗ ಪ್ರತಿ ಪಾಸಿನಲ್ಲೂ ಒಂದೇ ಆಗದಂತೆ ಒಂದೆರಡು ಮೀಟರ್ ಆಚೀಚೆ ಕೊಡಿ.

ಹಂತ 7: ಮಳೆಗೆ ಮೊದಲು

ಏಳು ದಿನ ತೇವ ಆರಲು ಬಿಡಬೇಡಿ. ಗೋಣಿ, ಅಡಿಕೆ ಸೋಗೆ, ಯಾವುದು ಸಿಗುತ್ತದೋ ಹಾಸಿ ನೀರು ಹಾಕಿ, ಇಲ್ಲವಾದರೆ ಬಿಟುಮಿನ್ ಎಮಲ್ಷನ್ ಹೊಡೆಯಿರಿ. ಆ ಏಳು ದಿನ ಟಿಪ್ಪರ್ ಬಿಡಬೇಡಿ. ಆಮೇಲೆ ಡಿಸಿಪಿ ಪರೀಕ್ಷೆ, ಅಂದರೆ 8 ಕೆಜಿ ಸುತ್ತಿಗೆ 575 ಮಿಲಿಮೀಟರ್ ಎತ್ತರದಿಂದ ಬಿದ್ದು ಮೊನೆ ಎಷ್ಟು ಇಳಿಯಿತು ಅಂತ ನೋಡುವುದು. ಯಂತ್ರದ ನಕ್ಷೆಯಲ್ಲಿ ಬಣ್ಣ ತೀರಾ ಬೇರೆಯಾಗಿ ಕಂಡ ಜಾಗಗಳಲ್ಲೇ ಇದನ್ನು ಮಾಡಿ. ಎಲ್ಲ ಕಡೆ ಮಾಡುವುದು ಬೇಡ, ನಕ್ಷೆ ಇರುವುದರ ಲಾಭ ಅದೇ.

ಚರಂಡಿ ಇಲ್ಲದೆ ಇದೆಲ್ಲ ನಿಲ್ಲುವುದಿಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವ ಜಾಗದಲ್ಲಿ ನೀರು ರಸ್ತೆಯ ಮೇಲೆ ಒಂದು ಗಳಿಗೆಯೂ ನಿಲ್ಲಬಾರದು. ಗಟ್ಟಿ ಮಾಡಿದ ಪದರಕ್ಕೇ ಶೇಕಡಾ 4ರಷ್ಟು ಇಳಿಜಾರು ಕೊಡಿ, ಮೇಲಿನ ಡಾಮರಿನಲ್ಲಿ ಕೊಟ್ಟರಾಯ್ತು ಅನ್ನಬೇಡಿ. ಬರೆಯ ಕಡೆ ಚರಂಡಿಗೆ ಕಲ್ಲು ಕಟ್ಟಿ, ಶೇಡಿ ಕಾಣುವ ಬರೆಗೆ ಹುಲ್ಲೋ ಲಾವಂಚವೋ ನೆಡಿ.

ಸೆಪ್ಟೆಂಬರಿನಲ್ಲಿ ಮಳೆ ಇಳಿದ ಮೇಲೆ ಹೋಗಿ ನೋಡಿ. ಎಲ್ಲಿ ತಗ್ಗಾಗಿದೆ, ಎಲ್ಲಿ ಬಿರುಕು ಬಿಟ್ಟಿದೆ ಅಂತ ರೋವರಿನಲ್ಲಿ ಗುರುತು ಮಾಡಿ ರೋಲರಿನ ಹಳೆಯ ನಕ್ಷೆಯ ಮೇಲೆ ಇಡಿ. ಯಂತ್ರ ಹಸಿರು ತೋರಿಸಿದ ಕಡೆಯೇ ತಗ್ಗಾಗಿದ್ದರೆ ಮುಂದಿನ ಸೀಸನ್ನಿಗೆ ಆ ಥರದ ಮಣ್ಣಿನ ಗುರಿ ಸಂಖ್ಯೆ ಬದಲಿಸಬೇಕು. ಈ ಹೋಲಿಕೆಗೆ ಕಚ್ಚಾ ಡೇಟಾ ಬೇಕು, ಪಿಡಿಎಫ್ ಚಿತ್ರ ಸಾಲದು. ಬಾಡಿಗೆ ಯಂತ್ರ ವಾಪಸ್ ಹೋಗುವ ಮೊದಲೇ ಅದನ್ನು ಕೇಳಿ ತಗೊಳ್ಳಿ, ಬಿಲ್ಲಿನಲ್ಲೇ ಬರೆಸಿ.